ವಾರಕ್ಕೆ 3 ದಿನ ಆಫೀಸಿಗೆ ಬರಲೇಬೇಕು ಅಂದಾಗ ಏನು ಕೇಳಬಹುದು, ಹೇಗೆ ಬರೆಸಿಕೊಳ್ಳಬೇಕು?

ತುಂಗಾತೀರ (ಪ್ರಶ್ನೆ)

ಬ್ಯಾಕೆಂಡ್ ಎಂಜಿನಿಯರ್ ಕೆಲಸ, 2022ರ ಫೆಬ್ರುವರಿಯಲ್ಲಿ ಸೇರಿದ್ದು. ಆಫೀಸು ಬೆಳ್ಳಂದೂರಿನ ಹತ್ತಿರ ಹೊರ ವರ್ತುಲ ರಸ್ತೆಯಲ್ಲಿ, ವಾಸ ಶಿವಮೊಗ್ಗದಲ್ಲಿ. ಆಫರ್ ಲೆಟರ್‌ನಲ್ಲಿ ಈ ಬಗ್ಗೆ ಮೂರು ಸಾಲುಗಳಿವೆ: ಕೆಲಸದ ಸ್ಥಳ ಬೆಂಗಳೂರು; ಮುಂದಿನ ಸೂಚನೆಯವರೆಗೆ ಮನೆಯಿಂದ ಕೆಲಸ; ಕಂಪನಿ ತನ್ನ ಅಗತ್ಯಕ್ಕೆ ತಕ್ಕಂತೆ ಸ್ಥಳ ಬದಲಿಸಬಹುದು.

ಈಗ ಎಚ್‌ಆರ್ ಮೇಲ್ ಬಂದಿದೆ. ಇನ್ನು 60 ದಿನ ಕಳೆದ ಮೇಲೆ ವಾರಕ್ಕೆ 3 ದಿನ ಆಫೀಸು ಕಡ್ಡಾಯ, ಹಾಜರಿಯನ್ನು ಬ್ಯಾಡ್ಜ್ ಸ್ವೈಪ್‌ನಿಂದ ಎಣಿಸುತ್ತಾರಂತೆ. ಟೀಮಿನಲ್ಲಿ 9 ಜನ: 4 ಜನ ಬೆಂಗಳೂರು, 3 ಪುಣೆ, 2 ಪೋಲೆಂಡ್. ಮ್ಯಾನೇಜರ್ ಫೋನಿನಲ್ಲಿ "ತಲೆ ಕೆಡಿಸ್ಕೋಬೇಡಿ, ಅಡ್ಜಸ್ಟ್ ಮಾಡೋಣ" ಅಂದಿದ್ದಾರೆ, ಬರೆದು ಏನೂ ಕೊಟ್ಟಿಲ್ಲ. ಅಮ್ಮನ ಚಿಕಿತ್ಸೆ ಇಲ್ಲೇ ನಡೆಯುತ್ತಿರುವುದರಿಂದ ಈ ವರ್ಷ ಮನೆ ಬದಲಿಸುವುದು ಆಗದ ಮಾತು.

ಕಾನೂನಿನಲ್ಲಿ ಹಿಡಿಯಲು ಏನಾದರೂ ಇದೆಯೇ? ಕೇಳುವುದಾದರೆ ಯಾರಿಗೆ ಬರೆಯಬೇಕು, ಎಷ್ಟು ದಿನ ಕೇಳಬೇಕು? ಓಡಾಟದ ಖರ್ಚು ಕೇಳಬಹುದೇ? ಆಗುವುದಿಲ್ಲ ಅಂದರೆ ಮುಂದಿನ ಹೆಜ್ಜೆ ಏನು?

ಕರಾರು_ಓದಿ

ಭಾರತದಲ್ಲಿ ಖಾಸಗಿ ನೌಕರರಿಗೆ "ಮನೆಯಿಂದ ಕೆಲಸ ಮಾಡುವ ಹಕ್ಕು" ಅಂತ ಸಾಮಾನ್ಯವಾಗಿ ಎಲ್ಲರಿಗೂ ಅನ್ವಯಿಸುವ ಕಾಯ್ದೆ ಇಲ್ಲ. ಸರ್ಕಾರದ ಸಲಹೆಗಳನ್ನೂ ಹಕ್ಕು ಅಂದುಕೊಳ್ಳಬೇಡಿ. 2021ರ ಆಗಸ್ಟ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಮೆಟ್ರೊ ಕಾಮಗಾರಿಗಾಗಿ ನಿಮ್ಮ ರಸ್ತೆಯ ಕಂಪನಿಗಳಿಗೆ 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸ ಮುಂದುವರಿಸಿ ಅಂತ ರಾಜ್ಯದ ಐಟಿ ಇಲಾಖೆ ಬರೆದಿತ್ತು. ಅದೂ ಸಲಹೆಯೇ, ಆದೇಶವಾಗಿರಲಿಲ್ಲ.

ಹಾಗಾಗಿ ಮೊದಲು ನಿಮ್ಮ ಕರಾರನ್ನೇ ನೋಡಬೇಕು. ಆ ಮೂರು ಸಾಲುಗಳಲ್ಲಿ "ಮುಂದಿನ ಸೂಚನೆಯವರೆಗೆ" ಅನ್ನುವುದು ನಿಮಗೆ ಅಡ್ಡ ಬರುವ ಮಾತು; ಮನೆಯ ಕೆಲಸ ತಾತ್ಕಾಲಿಕ ಅಂತ ನೀವೇ ಒಪ್ಪಿ ಸಹಿ ಹಾಕಿದಂತೆ. ಆದರೆ ಆಫರ್ ಲೆಟರ್ ಆದ ಮೇಲೂ ಕಾಗದಗಳು ಹುಟ್ಟಿರುತ್ತವೆ. ಪ್ರತಿ ವರ್ಷದ ಇನ್‌ಕ್ರಿಮೆಂಟ್ ಪತ್ರ, ಬಡ್ತಿ ಪತ್ರ, ಎಚ್‌ಆರ್ ಪೋರ್ಟಲ್‌ನಲ್ಲಿ "ವರ್ಕ್ ಲೊಕೇಶನ್" ಎದುರಿಗೆ ಏನಿದೆ, ಲ್ಯಾಪ್‌ಟಾಪನ್ನು ಯಾವ ವಿಳಾಸಕ್ಕೆ ಕಳಿಸಿದರು, "ನಿಮ್ಮನ್ನು ರಿಮೋಟ್ ಅಂತ ವರ್ಗೀಕರಿಸಿದ್ದೇವೆ" ಅನ್ನುವ ಮೇಲ್ ಎಂದಾದರೂ ಬಂದಿತ್ತೇ, ಇವೆಲ್ಲ ಹುಡುಕಿ. ಆಮೇಲೆ ಬಂದ ಪತ್ರದಲ್ಲಿ ಶಿವಮೊಗ್ಗ ಅಂತ ನಮೂದಾಗಿದ್ದರೆ ನಿಮ್ಮ ಮಾತಿನ ತೂಕವೇ ಬದಲಾಗುತ್ತದೆ. ಸಿಕ್ಕಿದ ಮೇಲ್‌ಗಳ ತಾರೀಖು, ವಿಷಯ, ಕಳಿಸಿದವರು ಯಾರು ಅಂತ ಬರೆದಿಟ್ಟುಕೊಳ್ಳಿ. ಆಫೀಸಿನ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾತ್ರ ಮಾಡಬೇಡಿ. ಬಹಳ ಕಂಪನಿಗಳಲ್ಲಿ ಅದೇ ಶಿಸ್ತುಕ್ರಮಕ್ಕೆ ಕಾರಣವಾಗುತ್ತದೆ, ಮೂಲ ವಿಷಯ ಪಕ್ಕಕ್ಕೆ ಸರಿದುಬಿಡುತ್ತದೆ. ನಿಮಗೇ ಕೊಟ್ಟ ಆಫರ್ ಲೆಟರ್, ಇನ್‌ಕ್ರಿಮೆಂಟ್ ಪತ್ರಗಳ ಪ್ರತಿ ಇಟ್ಟುಕೊಳ್ಳುವುದಕ್ಕೆ ತೊಂದರೆಯಿಲ್ಲ.

ಕಾಯ್ದೆಗಳಿಗೆ ಬಂದರೆ, ಸೇವಾ ಷರತ್ತು ಬದಲಿಸುವ ಮೊದಲು 21 ದಿನದ ನೋಟಿಸ್ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ 21 ದಿನ ಉಳಿದಿದೆ. ನೋಟಿಸ್ ಬೇಕಾಗುವ ವಿಷಯಗಳ ಪಟ್ಟಿಯಲ್ಲಿ "ಕೆಲಸದ ಸ್ಥಳ" ಅಂತ ನೇರವಾಗಿ ಇಲ್ಲ, "ರೂಢಿಯಿಂದ ಬಂದ ಸೌಲಭ್ಯವನ್ನು ಹಿಂತೆಗೆಯುವುದು" ಅಂತ ಇದೆ. ವಾದ ಮಾಡುವವರು ಹಿಡಿಯುವುದು ಆ ಸಾಲನ್ನೇ. ಆದರೆ ಇದು ಮುಖ್ಯವಾಗಿ ಮ್ಯಾನೇಜರ್ ಅಥವಾ ಮೇಲ್ವಿಚಾರಣೆಯ ಕೆಲಸ ಮಾಡುವವರಿಗೆ ದಕ್ಕುವುದಿಲ್ಲ. ಹುದ್ದೆಯ ಹೆಸರಿಗಿಂತ ದಿನವೂ ನೀವು ಮಾಡುವ ಕೆಲಸ ಯಾವುದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕಂಪನಿ 60 ದಿನ ಕೊಟ್ಟಿರುವುದರಿಂದ ನೋಟಿಸ್ ಸಾಲದು ಅನ್ನುವ ತಕರಾರು ನಿಲ್ಲುವುದು ಕಷ್ಟ.

ಎರಡು ಸಂದರ್ಭಗಳಲ್ಲಿ ಕಾನೂನು ನೌಕರರ ಕಡೆ ಇನ್ನಷ್ಟು ವಾಲುತ್ತದೆ. ನಿಮಗೆ ಅನ್ವಯಿಸದೇ ಇರಬಹುದು, ಓದುವ ಬೇರೆಯವರಿಗೆ ಬೇಕಾದೀತು. ಹೆರಿಗೆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಹೊಂದುವಂತಿದ್ದರೆ, ಮಾತಾಡಿ ಒಪ್ಪಿಕೊಂಡ ಷರತ್ತುಗಳ ಮೇಲೆ ಮನೆಯಿಂದ ಕೆಲಸ ಕೊಡಬಹುದು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಕೊಡಲೇಬೇಕು ಅಂತ ಅದರಲ್ಲಿಲ್ಲ, ಆದರೆ ಕೇಳುವುದಕ್ಕೆ ಗಟ್ಟಿ ಆಧಾರ. 50 ಅಥವಾ ಹೆಚ್ಚು ಜನ ಇರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ; ಆಫೀಸಿಗೆ ಬಾ ಅನ್ನುವ ಕಂಪನಿಯಲ್ಲಿ ಅದು ಇದೆಯೇ ಅಂತ ಅದೇ ಪತ್ರದಲ್ಲಿ ಕೇಳಬಹುದು. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಆ ನೀತಿಯ ಪ್ರತಿ ಕೇಳಿ, ಅದರಲ್ಲಿ ಹೇಳಿದ ಅನುಕೂಲಗಳ ಆಧಾರದ ಮೇಲೆ ಅರ್ಜಿ ಹಾಕುವುದು ಸರಿಯಾದ ದಾರಿ.

ಯಾರೂ ಮಾಡಬಾರದ ತಪ್ಪು ಒಂದಿದೆ: ನೀತಿ ಜಾರಿಯಾದ ದಿನದಿಂದ ಸುಮ್ಮನೆ ಮನೆಯಲ್ಲೇ ಕೂತು ಲಾಗಿನ್ ಆಗುವುದು. ಕೆಲಸ ಪೂರ್ತಿ ಮಾಡಿದ್ದರೂ ದಾಖಲೆಯಲ್ಲಿ ಅದು "ಅನಧಿಕೃತ ಗೈರುಹಾಜರಿ" ಆಗುತ್ತದೆ. ಎರಡು ಮೂರು ನೋಟಿಸ್ ಆದ ಮೇಲೆ "ಕೆಲಸ ತೊರೆದಿದ್ದಾರೆ" ಅಂತ ಪತ್ರ ಬರುತ್ತದೆ, ರಿಲೀವಿಂಗ್ ಲೆಟರ್ ತಡೆಹಿಡಿಯುತ್ತಾರೆ. ಅರ್ಜಿ ಇತ್ಯರ್ಥವಾಗುವವರೆಗೆ ಹೋಗಬೇಕಾಗಿ ಬಂದರೆ ಹೋಗಿ, "ನನ್ನ ಅರ್ಜಿ ಬಾಕಿ ಇದೆ, ಆಕ್ಷೇಪಣೆಯನ್ನು ಕಾಯ್ದಿರಿಸಿ ಹಾಜರಾಗುತ್ತಿದ್ದೇನೆ" ಅಂತ ಒಂದು ಮೇಲ್ ಹಾಕಿಡಿ.

ಹಾಜರಿಪುಸ್ತಕ

ಮೇಲಿನವರು ಕಾನೂನು ಹೇಳಿದರು. ಕಂಪನಿಯ ಒಳಗೆ ಇದು ಹೇಗೆ ತೀರ್ಮಾನವಾಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ.

ಮ್ಯಾನೇಜರ್ "ಅಡ್ಜಸ್ಟ್ ಮಾಡೋಣ" ಅಂದರೆ ಒಪ್ಪಿಗೆ ಸಿಕ್ಕಿತು ಅಂತ ಲೆಕ್ಕ ಹಾಕಬೇಡಿ. ಸ್ವೈಪ್ ವರದಿ ಅವರ ಕೈಯಲ್ಲಿರುವುದಿಲ್ಲ. ಬ್ಯಾಡ್ಜ್ ವ್ಯವಸ್ಥೆಯಿಂದ ಅದು ನೇರ ಎಚ್‌ಆರ್‌ಗೆ, ಅಲ್ಲಿಂದ ತಿಂಗಳಿಗೊಮ್ಮೆ ವಿಭಾಗದ ಮುಖ್ಯಸ್ಥರಿಗೆ ಹೋಗುತ್ತದೆ. ಅಲ್ಲಿ ನಿಮ್ಮ ಹೆಸರು ಕೆಂಪಾಗಿ ಕಂಡ ದಿನ ಮ್ಯಾನೇಜರ್ ನಿಮ್ಮ ಪರ ನಿಲ್ಲಲು ಅವರ ಕೈಯಲ್ಲೊಂದು ಕಾಗದ ಬೇಕು. ಅವರು ಬೇರೆ ಟೀಮಿಗೆ ಹೋದರೆ ಫೋನಿನ ಮಾತೂ ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ಇವತ್ತೇ ಎರಡು ಸಾಲಿನ ಮೇಲ್ ಕಳಿಸಿ: "ಫೋನಿನಲ್ಲಿ ಮಾತಾಡಿದಂತೆ, ಶಿವಮೊಗ್ಗದಿಂದ ಕೆಲಸ ಮುಂದುವರಿಸಲು ವಿನಾಯಿತಿ ಕೇಳುತ್ತಿದ್ದೇನೆ. ವಿವರವಾದ ಪ್ರಸ್ತಾವ ಶುಕ್ರವಾರದೊಳಗೆ ಕಳಿಸುತ್ತೇನೆ, ನಿಮ್ಮ ಶಿಫಾರಸಿನೊಂದಿಗೆ ಎಚ್‌ಆರ್‌ಗೆ ದಾಟಿಸಬೇಕೆಂದು ಕೋರುತ್ತೇನೆ." ಅವರು ಉತ್ತರಿಸದಿದ್ದರೂ ನೀವು ಕೇಳಿದ ತಾರೀಖು ದಾಖಲಾಗಿರುತ್ತದೆ.

60 ದಿನಗಳಲ್ಲಿ ಮೊದಲ 15 ದಿನವೇ ಮುಖ್ಯ. ವಿನಾಯಿತಿ ಕೊಡುವವರು ಒಟ್ಟು ಎಷ್ಟು ಕೊಡಬಹುದು ಅಂತ ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಂಡಿರುತ್ತಾರೆ. ಕೊನೆಯ ವಾರದಲ್ಲಿ ಬಂದ ಅರ್ಜಿ ನೀತಿಯನ್ನು ವಿರೋಧಿಸಿದ ಹಾಗೆ ಕಾಣುತ್ತದೆ, ಮೊದಲ ವಾರದ್ದು ಯೋಜನೆಯ ಹಾಗೆ.

ಬರೆಯುವ ಮೊದಲು ಕಂಪನಿ ಯಾಕೆ ಕರೆಯುತ್ತಿದೆ ಅನ್ನುವುದನ್ನು ಪತ್ತೆ ಮಾಡಿ. ಕಾರಣದ ಮೇಲೆ ಉತ್ತರ ಬದಲಾಗುತ್ತದೆ. ಕಟ್ಟಡದ ಲೀಸ್‌ನ ಲಾಕ್-ಇನ್ (ಬಿಟ್ಟುಹೋಗಲಾಗದ ಅವಧಿ) ಇನ್ನೂ ಮುಗಿದಿಲ್ಲ, ಖಾಲಿ ಸೀಟುಗಳ ಬಾಡಿಗೆಗೆ ನಿರ್ದೇಶಕರ ಮಂಡಳಿಯಲ್ಲಿ ಉತ್ತರ ಹೇಳಬೇಕಾಗಿದೆ ಅನ್ನುವುದಾದರೆ, ಒಬ್ಬರ ವಿನಾಯಿತಿಯಿಂದ ಅವರಿಗೆ ನಷ್ಟವಿಲ್ಲ, ಆದರೆ "ಎಲ್ಲರೂ ಕೇಳುತ್ತಾರೆ" ಅನ್ನುವ ಭಯ ಇರುತ್ತದೆ. ಹೊಸಬರು ಕಲಿಯುತ್ತಿಲ್ಲ ಅನ್ನುವುದು ಕಾರಣವಾದರೆ, ನೀವು ಬರುವ ದಿನಗಳಲ್ಲಿ ಯಾರಿಗೆ ಏನು ಹೇಳಿಕೊಡುತ್ತೀರಿ ಅಂತ ಬರೆದರೆ ಅರ್ಧ ಕೆಲಸ ಮುಗಿದಂತೆ. ಗ್ರಾಹಕ ಕಂಪನಿಯ ಕರಾರಿನಲ್ಲೇ "ಬೀಗ ಹಾಕಿದ ಕೋಣೆ, ಅಲ್ಲಿನದೇ ಯಂತ್ರ" ಅಂತಿದ್ದರೆ ಅದು ನಿಜವಾದ ಗೋಡೆ, ಆ ಪ್ರಾಜೆಕ್ಟ್ ಬದಲಿಸದೆ ದಾರಿಯಿಲ್ಲ. "ನಮ್ಮದು ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ), ಮನೆಯಿಂದ ಆಗುವುದೇ ಇಲ್ಲ" ಅಂದರೆ ಮಾತ್ರ ಮರುಪ್ರಶ್ನೆ ಹಾಕಿ. 2022ರಲ್ಲಿ ಎಸ್‌ಇಝಡ್ ನಿಯಮಗಳಿಗೆ 43ಎ ಸೇರಿಸಿ ಮನೆಯಿಂದ ಕೆಲಸಕ್ಕೆ ದಾರಿ ಮಾಡಿಕೊಟ್ಟಿದ್ದರು. ಆಗ ಅಲ್ಲಿದ್ದದ್ದು ನೌಕರರ ಪಟ್ಟಿ ಇಡುವ, ಉಪಕರಣದ ಲೆಕ್ಕ ಇಡುವ ಕೆಲಸ; ಈಗ ನಿಯಮ ಹೇಗಿದೆ ಅಂತ ಕೇಳಿ.

ನಿಮ್ಮ ಟೀಮಿನ ಹಂಚಿಕೆ ನಿಮ್ಮ ಬಲವಾದ ವಾದ. 9ರಲ್ಲಿ 5 ಜನ ಬೆಂಗಳೂರಿನಲ್ಲೇ ಇಲ್ಲ. ಬೆಳ್ಳಂದೂರಿಗೆ ಬಂದರೂ ನೀವು ಹೆಡ್‌ಫೋನ್ ಹಾಕಿಕೊಂಡು ಪುಣೆ, ಪೋಲೆಂಡ್ ಜೊತೆಗೇ ಮಾತಾಡುವುದು. ಇದನ್ನು ದೂರಿನ ಹಾಗೆ ಬರೆಯದೆ ಲೆಕ್ಕದ ಹಾಗೆ ಬರೆಯಿರಿ: ಕಳೆದ 3 ತಿಂಗಳ ಕ್ಯಾಲೆಂಡರ್ ತೆಗೆದು, ಒಟ್ಟು ಮೀಟಿಂಗ್‌ಗಳಲ್ಲಿ ಎಲ್ಲರೂ ಬೆಂಗಳೂರಿನವರೇ ಇದ್ದವು ಎಷ್ಟು, ಹೊರಗಿನವರು ಇದ್ದವು ಎಷ್ಟು ಅಂತ ಎಣಿಸಿ ಕೊಡಿ.

ಇನ್ನು ಎಷ್ಟು ದಿನ ಕೇಳಬೇಕು. "ಪೂರ್ತಿ ರಿಮೋಟ್ ಕೊಡಿ" ಅಂದರೆ ಇಲ್ಲ ಅನ್ನುವುದು ಸುಲಭ. ವಾರಕ್ಕೆ 3 ದಿನ ಅಂದರೆ ತಿಂಗಳಿಗೆ ಸುಮಾರು 13 ದಿನ. ದೂರದ ಊರಿನವರು ವಾರದ ಲೆಕ್ಕದಿಂದ ತಿಂಗಳ ಲೆಕ್ಕಕ್ಕೆ ಬರಬೇಕು. ತಿಂಗಳಿಗೊಂದು ಪೂರ್ತಿ ವಾರ, ಸೋಮವಾರದಿಂದ ಶುಕ್ರವಾರ, ಸಾಲಾಗಿ 5 ದಿನ. ಜೊತೆಗೆ ಮೂರು ತಿಂಗಳಿಗೊಮ್ಮೆ ಪ್ಲಾನಿಂಗ್‌ಗೆ ಇನ್ನೂ 3 ದಿನ. ವರ್ಷಕ್ಕೆ 72 ದಿನ ಆಗುತ್ತದೆ. ಇದು ನಿಮ್ಮ ಮೊದಲ ಪ್ರಸ್ತಾವ. ಒಪ್ಪದಿದ್ದರೆ ಎರಡನೆಯದು, ತಿಂಗಳಿಗೆ 4 ದಿನದ ಎರಡು ಭೇಟಿ, ವರ್ಷಕ್ಕೆ 96 ದಿನ. ಮೂರನೆಯದು, ವಾರಕ್ಕೆ 3 ದಿನವನ್ನೇ ಒಪ್ಪಿ ಆರಂಭದ ದಿನವನ್ನು 6 ತಿಂಗಳು ಮುಂದೂಡುವುದು. ಮೂರನ್ನೂ ಒಂದೇ ಪತ್ರದಲ್ಲಿ ಹಾಕಬೇಡಿ. ಮೊದಲನೆಯದನ್ನು ಮಾತ್ರ ಕಳಿಸಿ, ಉಳಿದೆರಡನ್ನು ಮಾತುಕತೆಗೆ ಕೈಯಲ್ಲಿಟ್ಟುಕೊಳ್ಳಿ.

ಪತ್ರ ಒಂದು ಪುಟ ದಾಟಬಾರದು. ಏನು ಕೇಳುತ್ತಿದ್ದೀರಿ ಅನ್ನುವುದು ಮೊದಲ ಸಾಲಿನಲ್ಲೇ ಬರಲಿ, ದಿನಗಳ ಸಂಖ್ಯೆ ಸಮೇತ. ಆಮೇಲೆ ಮೀಟಿಂಗ್‌ಗಳ ಎಣಿಕೆ, ಕಳೆದ ಎರಡು ಮೌಲ್ಯಮಾಪನಗಳ ರೇಟಿಂಗ್, ಆನ್-ಕಾಲ್ (ತುರ್ತು ಕರೆಗೆ ಸಿದ್ಧವಾಗಿರುವ ಪಾಳಿ) ಇದ್ದ ವಾರಗಳಲ್ಲಿ ಎಷ್ಟು ಹೊತ್ತಿನಲ್ಲಿ ಉತ್ತರಿಸಿದ್ದೀರಿ. ಆಮೇಲೆ 90 ದಿನದ ಪ್ರಯೋಗ, ಅದನ್ನು ಯಾವ ಅಳತೆಯಿಂದ ನೋಡಬೇಕು, ಪರಿಶೀಲನೆಯ ತಾರೀಖು ಯಾವುದು. ಅಮ್ಮನ ಚಿಕಿತ್ಸೆಯ ವಿಷಯ ಒಂದೇ ಸಾಲು ಸಾಕು, ಬೇಕಾದರೆ ವೈದ್ಯರ ಪತ್ರ ಕೊಡುತ್ತೇನೆ ಅನ್ನಿ. ಪತ್ರವಿಡೀ ಮನೆಯ ಕಷ್ಟವೇ ತುಂಬಿದರೆ ಓದಿದವರಿಗೆ ಕನಿಕರ ಹುಟ್ಟಬಹುದು, ಆದರೆ ಕಷ್ಟ ಕಳೆದ ದಿನ ವಿನಾಯಿತಿಯೂ ಕಳೆಯುತ್ತದೆ. ಕೆಲಸದ ಆಧಾರದ ಮೇಲೆ ಪಡೆದದ್ದು ಹಾಗಲ್ಲ.

ಜಮಾಖರ್ಚು

ಖರ್ಚಿನ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾನು ಲೆಕ್ಕ ಹಾಕುತ್ತೇನೆ. ದರಗಳು ನಾನು ಹಿಡಿದವು, ನಿಮ್ಮವನ್ನು ಹಾಕಿಕೊಳ್ಳಿ: ರಾತ್ರಿ ಬಸ್ಸಿನಲ್ಲಿ ಹೋಗಿಬರಲು 1,500, ಒಂದು ರಾತ್ರಿ ತಂಗಲು 800, ಬೆಂಗಳೂರಿನ ಒಳಗೆ ದಿನಕ್ಕೆ 300.

ವಾರಕ್ಕೆ 3 ದಿನವಾದರೆ, ತಿಂಗಳಿಗೆ 4 ವಾರ ಅಂತ ಹಿಡಿದು, 4 ಸಲ ಹೋಗಿಬರುವುದು 6,000, 8 ರಾತ್ರಿ 6,400, 12 ದಿನದ ಓಡಾಟ 3,600. ಒಟ್ಟು 16,000, ವರ್ಷಕ್ಕೆ 1,92,000. ಇದು ತೆರಿಗೆ ಕಟ್ಟಿ ಉಳಿದ ದುಡ್ಡು. 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿ ಸೆಸ್ ಸೇರಿ 31.2 ಅಂತ ಹಿಡಿದರೆ, ಇಷ್ಟು ಕೈಗೆ ಬರಲು ಸಂಬಳ ಸುಮಾರು 2,79,000 ಏರಬೇಕು. ತಿಂಗಳಿಗೊಂದು ವಾರ ಬಂದರೆ 1,500 + 4 ರಾತ್ರಿಗೆ 3,200 + 5 ದಿನಕ್ಕೆ 1,500, ಒಟ್ಟು 6,200, ವರ್ಷಕ್ಕೆ 74,400 (ಪ್ಲಾನಿಂಗ್‌ನ ದಿನಗಳು ಇದರಲ್ಲಿಲ್ಲ). ಮೇಲೆ ಹೇಳಿದ ಮೊದಲ ಪ್ರಸ್ತಾವ ಯಾಕೆ ಮೇಲು ಅನ್ನುವುದು ಇದರಲ್ಲೇ ಕಾಣುತ್ತದೆ.

ಖರ್ಚು ಕೇಳುವುದಾದರೆ ಎಲ್ಲವೂ ಕಂಪನಿಯ ದಾಖಲೆಯಲ್ಲಿ ನಿಮ್ಮ ಕೆಲಸದ ಊರು ಹೇಳುವ "ಬೇಸ್ ಲೊಕೇಶನ್" ಅನ್ನುವ ಒಂದು ಖಾನೆಯ ಮೇಲೆ ನಿಂತಿದೆ. ಅಲ್ಲಿ ಬೆಂಗಳೂರು ಅಂತಿದ್ದರೆ ನೀವು ಶಿವಮೊಗ್ಗದಿಂದ ಬರುವುದು ಮನೆಯಿಂದ ಆಫೀಸಿಗೆ ಬಂದ ಹಾಗೆ. ಕಂಪನಿ ದುಡ್ಡು ಕೊಟ್ಟರೂ ಅದು ನಿಮ್ಮ ಆದಾಯ, ತೆರಿಗೆ ಬೀಳುತ್ತದೆ. ಅಲ್ಲಿ ಶಿವಮೊಗ್ಗ ಅಂತಿದ್ದರೆ ಬೆಂಗಳೂರಿನ ಭೇಟಿ ಆಫೀಸಿನ ಕೆಲಸದ ಪ್ರವಾಸ, ಬಿಲ್ ಕೊಟ್ಟು ವಾಪಸ್ ಪಡೆದದ್ದಕ್ಕೆ ತೆರಿಗೆ ಇಲ್ಲ.

ಆದರೆ ಆ ಖಾನೆ ಬದಲಿಸಿ ಅನ್ನುವ ಮೊದಲು ಇನ್ನೊಂದು ಮಗ್ಗುಲು ನೋಡಿ. ಊರಿಗೆ ತಕ್ಕಂತೆ ಸಂಬಳದ ಶ್ರೇಣಿ ಇಟ್ಟಿರುವ ಕಂಪನಿಗಳಿವೆ. ಅಲ್ಲಿ ಬೇಸ್ ಬದಲಾದರೆ ಈಗಿನ ಸಂಬಳ ಇಳಿಸದಿದ್ದರೂ ಮುಂದಿನ ಇನ್‌ಕ್ರಿಮೆಂಟ್ ಕೆಳಗಿನ ಶ್ರೇಣಿಯಲ್ಲಿ ಬರುತ್ತದೆ. "ಬೇಸ್ ಬದಲಾದರೆ ಸಂಬಳದ ಶ್ರೇಣಿ ಬದಲಾಗುತ್ತದೆಯೇ" ಅಂತ ಮೊದಲು ಕೇಳಿ, ಉತ್ತರ ಬಂದ ಮೇಲೆ ಮುಂದುವರಿಯಿರಿ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರು ಬಾಡಿಗೆ ಭತ್ಯೆಯ ವಿನಾಯಿತಿಯನ್ನು ನಿಜವಾಗಿ ಬಾಡಿಗೆ ಕೊಡುವ ಮನೆಗೆ ಮಾತ್ರ ತೋರಿಸಬೇಕು. ಶಿವಮೊಗ್ಗದಲ್ಲಿದ್ದುಕೊಂಡು ಬೆಂಗಳೂರಿನ ಬಾಡಿಗೆ ರಸೀದಿ ಕೊಟ್ಟಿದ್ದರೆ, ಮನೆಯಿಂದ ಕೆಲಸಕ್ಕೆ ಅರ್ಜಿ ಹಾಕಿದ ದಿನ ಎರಡು ಕಾಗದಗಳು ಒಂದಕ್ಕೊಂದು ಎದುರಾಗುತ್ತವೆ.

ಸಾಧನಕೇರಿ

ನೋಡ್ರಿ, ಪತ್ರ ಎಷ್ಟ ಛಂದ ಬರದ್ರೂ ಮಳಿಗಾಲದಾಗ ಮೂರ ಸಲ ಕಾಲ್ ಕಟ್ ಆತಂದ್ರ "ಇವ್ರನ್ನ ಆಫೀಸಿಗೆ ಕರಸ್ರಿ" ಅಂತಾರ. ಅದಕ್ಕ ಕರೆಂಟು, ಇಂಟರ್ನೆಟ್ ಎರಡೂ ಪ್ರಸ್ತಾವದಾಗ ಬರದ ಕೊಡ್ರಿ. ಎದುರಿನವ್ರು ಕೇಳೂಕಿಂತ ಮೊದ್ಲ ಉತ್ತರ ಇರಬೇಕು.

ಫೈಬರ್ ಲೈನ್ ಒಂದು, ಅದ ಹೋದ್ರ ಬ್ಯಾರೆ ಕಂಪನಿ ಮೊಬೈಲ್ ಡಾಟಾ ಒಂದು. ಎರಡೂ ಒಂದ ಕಂಪನೀವು ತಗೊಂಡ್ರ ಉಪಯೋಗಿಲ್ರಿ, ರಸ್ತೆ ಅಗದು ಕೇಬಲ್ ಕಡದ್ರ ಟವರಿಗೂ ಅದ ಕೇಬಲ್ ಹೋಗಿರತೈತಿ. ವಿಡಿಯೋ ಮೀಟಿಂಗಿಗೆ ತಾಸಿಗೆ 1ರಿಂದ 1.5 ಜಿಬಿ ಹೋಗತೈತಿ ಅಂತ ಹಿಡದು ಪ್ಯಾಕ್ ಹಾಕಸ್ರಿ. ಫೈಬರಿನ ಡಬ್ಬಿ ಮತ್ತ ರೌಟರಿಗೆ ಬ್ಯಾರೆ ಸಣ್ಣ 12 ವೋಲ್ಟಿನ ಯುಪಿಎಸ್ ಇಡ್ರಿ. ಇನ್ವರ್ಟರ್‌ಗೆ ಕರೆಂಟ್ ಬದಲಾಗೂ ಆ ಒಂದ ಕ್ಷಣದಾಗ ರೌಟರ್ ಆರಿ ಮತ್ತ ಏಳಾಕ ಎರಡ ಮೂರ ನಿಮಿಷ ಬೇಕು, ವಿಪಿಎನ್ (ಕಂಪನಿ ನೆಟ್‌ವರ್ಕಿಗೆ ಹೋಗೂ ಸುರಕ್ಷಿತ ಸಂಪರ್ಕ) ಬಿಟ್ಟಹೋಗತೈತಿ. ಕಾಲ್ ಕಟ್ ಆಗೂದು ಬಹಳ ಸಲ ಇದರಿಂದ.

ಇನ್ವರ್ಟರ್ ಲೆಕ್ಕ: 150 ಎಎಚ್ (ಆಂಪಿಯರ್-ತಾಸು) ಬ್ಯಾಟರಿ ಅಂದ್ರ 12 ವೋಲ್ಟ್ ಗುಣಿಸು 150, ಅಂದ್ರ 1,800 ವಾಟ್-ತಾಸು. ಲೆಡ್ ಆ್ಯಸಿಡ್ ಬ್ಯಾಟರಿ ಅರ್ಧಕ್ಕಿಂತ ಕೆಳಗ ಇಳಸಿದ್ರ ಲಗೂನ ಹಾಳಾಗತೈತಿ, ಅದಕ್ಕ 900 ಹಿಡೀರಿ. ಇನ್ವರ್ಟರ್‌ನಾಗ ಸೋರಿಕಿ ತಗದ್ರ 720 ಉಳೀತು. ಲ್ಯಾಪ್‌ಟಾಪ್ 65, ರೌಟರ್ ಡಬ್ಬಿ ಸೇರಿ 20, ಒಂದ ದೀಪ, ಎಲ್ಲಾ ಕೂಡಿ 100 ವಾಟ್ ಅಂದ್ರ 7 ತಾಸು ಬರತೈತಿ. ಮ್ಯಾಲ ಫ್ಯಾನ್, ದೊಡ್ಡ ಮಾನಿಟರ್ ಹಾಕಿದ್ರಿ ಅಂದ್ರ 4 ತಾಸಿಗೆ ಬಂತು. ಮಲೆನಾಡಿನ ಗಾಳಿ-ಮಳಿಯೊಳಗ 7 ತಾಸು ದೊಡ್ಡದೇನಲ್ರಿ, ಅದಕ್ಕ ಜನರೇಟರ್ ಇರೂ ಜಾಗಾ ಒಂದು, ಕೋವರ್ಕಿಂಗ್ (ಬಾಡಿಗಿಗೆ ಮೇಜು ಸಿಗೂ ಆಫೀಸು) ಇರಲಿ, ಪರಿಚಯದವರ ಆಫೀಸ್ ಇರಲಿ, ಮೊದ್ಲ ಮಾತಾಡಿ ಇಡ್ರಿ. ಆದ್ರ ಅಂಥಾ ಜಾಗಾದಾಗ ಕೂತು ಕೆಲಸ ಮಾಡಾಕ ಕಂಪನಿ ಸೆಕ್ಯುರಿಟಿ ಟೀಮ್ ಒಪ್ಪತೈತೇನು ಅನ್ನೂದು ಬರಿಸಿಕೊಳ್ರಿ. ಬ್ಯಾರೆ ಯಾರ ವೈಫೈನೂ ಬಳಸಬಾರ್ದು, ನಿಮ್ಮ ಮೊಬೈಲ್ ಡಾಟಾದ ಮ್ಯಾಲೇ ವಿಪಿಎನ್, ಪರದೆಗೆ ಪ್ರೈವಸಿ ಫಿಲ್ಮ್, ಇಷ್ಟ ನೀವ ಹೇಳಿದ್ರ ಬಹಳ ಮಟ್ಟಿಗೆ ಒಪ್ಪತಾರ.

ಪತ್ರದಾಗ ಒಂದ ಸಾಲು: "15 ನಿಮಿಷಕ್ಕಿಂತ ಹೆಚ್ಚು ಸಂಪರ್ಕ ಕಡಿದರೆ ಫೋನ್ ಮೂಲಕ ತಿಳಿಸುತ್ತೇನೆ, 60 ನಿಮಿಷದೊಳಗೆ ಪರ್ಯಾಯ ಜಾಗದಿಂದ ಸೇರುತ್ತೇನೆ." ಆ 60 ನಿಮಿಷ ನಿಮ್ಮ ಊರಾಗ ನಿಜವಾಗಿ ಆಕ್ಕೈತೇನು ಅಂತ ಒಂದ ಸಲ ಹೋಗಿ ನೋಡಿ ಬರೀರಿ.

ಲೀಡ್ಸ್_ಕನ್ನಡಿಗ

ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನೇ ಇದೆ. ಅದು ನಿಮಗೆ ಅನ್ವಯಿಸುವುದಿಲ್ಲ, ಆದರೆ ಅದರಲ್ಲಿನ ಒಂದು ಪಟ್ಟಿ ನಿಮಗೆ ನೇರವಾಗಿ ಕೆಲಸಕ್ಕೆ ಬರುತ್ತದೆ.

2024ರ ಏಪ್ರಿಲ್ 6ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ನೌಕರರು ಕೆಲಸದ ಸಮಯ, ಸ್ಥಳ ಬದಲಿಸಲು ಶಾಸನಬದ್ಧ ಅರ್ಜಿ ಹಾಕಬಹುದು. 12 ತಿಂಗಳಲ್ಲಿ ಎರಡು ಸಲ. ಮಾಲೀಕರು ಮೇಲ್ಮನವಿಯನ್ನೂ ಸೇರಿಸಿ 2 ತಿಂಗಳೊಳಗೆ ತೀರ್ಮಾನ ಹೇಳಬೇಕು, ನೌಕರರ ಜೊತೆ ಮಾತಾಡದೆ ನಿರಾಕರಿಸುವಂತಿಲ್ಲ. ಒಪ್ಪಲೇಬೇಕು ಅಂತ ಇಲ್ಲ. ಆದರೆ ನಿರಾಕರಿಸುವ ಕಾರಣ ಎಂಟರಲ್ಲಿ ಒಂದಾಗಿರಬೇಕು: ಹೆಚ್ಚುವರಿ ಖರ್ಚು, ಗ್ರಾಹಕರ ಬೇಡಿಕೆ ಪೂರೈಸಲು ತೊಂದರೆ, ಇರುವವರಲ್ಲೇ ಕೆಲಸ ಹಂಚಲು ಆಗದಿರುವುದು, ಹೊಸಬರನ್ನು ತೆಗೆದುಕೊಳ್ಳಲು ಆಗದಿರುವುದು, ಗುಣಮಟ್ಟಕ್ಕೆ ಧಕ್ಕೆ, ಕಾರ್ಯಕ್ಷಮತೆಗೆ ಧಕ್ಕೆ, ಕೇಳಿದ ಹೊತ್ತಿನಲ್ಲಿ ಸಾಕಷ್ಟು ಕೆಲಸ ಇಲ್ಲದಿರುವುದು, ಸಂಸ್ಥೆಯ ರಚನೆ ಬದಲಿಸುವ ಯೋಜನೆ.

ಪ್ರಪಂಚದ ಯಾವ ಮ್ಯಾನೇಜರ್ ಬೇಡ ಅಂದರೂ ಕಾರಣ ಬಹುತೇಕ ಈ ಎಂಟರೊಳಗೇ ಇರುತ್ತದೆ. ನಿಮ್ಮ ಪ್ರಸ್ತಾವ ಬರೆದಾದ ಮೇಲೆ ಒಂದೊಂದನ್ನೂ ಎದುರಿಗಿಟ್ಟು ಓದಿ. ನಿಮ್ಮ ವಿಷಯದಲ್ಲಿ ಖರ್ಚು, ಗುಣಮಟ್ಟ, ಕಾರ್ಯಕ್ಷಮತೆ ಈ ಮೂರಕ್ಕೆ ಅಂಕಿ ಬೇಕು. "ಇರುವವರಲ್ಲಿ ಕೆಲಸ ಹಂಚುವುದು" ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ನೀವು ಆಫೀಸಿನಲ್ಲಿ ಇಲ್ಲದ ದಿನ ಅಲ್ಲಿ ಇರಲೇಬೇಕಾದ ಕೆಲಸ, ಉದಾಹರಣೆಗೆ ಸಂದರ್ಶನ ತೆಗೆದುಕೊಳ್ಳುವುದು, ಲ್ಯಾಬ್ ಯಂತ್ರ ಮುಟ್ಟುವುದು, ಬೆಂಗಳೂರಿನ ಉಳಿದ ಮೂವರ ತಲೆಗೆ ಬಿದ್ದರೆ ಮೊದಲು ದೂರುವವರು ಅವರೇ. ಅದಕ್ಕೆ ಬದಲಾಗಿ ನೀವು ಏನು ಹೊರುತ್ತೀರಿ, ರಾತ್ರಿಯ ಆನ್-ಕಾಲ್ ಒಂದು ಪಾಳಿ ಹೆಚ್ಚಿಗೆಯೋ, ಬಿಡುಗಡೆಯ ದಿನದ ಕೆಲಸವೋ, ಅದನ್ನು ಅವರ ಜೊತೆ ಮೊದಲೇ ಮಾತಾಡಿಕೊಂಡು ಪತ್ರದಲ್ಲಿ ಹಾಕಿ.

ಹೊರದೇಶದಲ್ಲಿರುವ ಕನ್ನಡಿಗರಿಗೊಂದು ಮಾತು. ಊರಿಗೆ ಬಂದಾಗ "ಇಲ್ಲಿಂದಲೇ ಎರಡು ತಿಂಗಳು ಕೆಲಸ ಮಾಡುತ್ತೇನೆ" ಅನ್ನುವುದು ಮ್ಯಾನೇಜರ್ ಒಬ್ಬರೇ ಒಪ್ಪಿದರೆ ಸಾಲದು, ತೆರಿಗೆ ಮತ್ತು ವೀಸಾ ಎರಡನ್ನೂ ನೋಡುವವರು ಬರೆದು ಒಪ್ಪಬೇಕು. ಅಮೆರಿಕದಲ್ಲಿ ಎಚ್-1ಬಿ (ಕೆಲಸದ ವೀಸಾ) ಮೇಲೆ ಇರುವವರ ಅರ್ಜಿ ಕೆಲಸದ ಸ್ಥಳಕ್ಕೆ ಕಟ್ಟಿಕೊಂಡಿರುತ್ತದೆ. ಮನೆಯಿಂದ ಕೆಲಸ ಅಂತ ಬೇರೆ ಮಹಾನಗರ ಪ್ರದೇಶಕ್ಕೆ ಮನೆ ಬದಲಿಸಿದರೂ, ಬದಲಿಸುವ ಮೊದಲೇ ತಿದ್ದುಪಡಿ ಅರ್ಜಿ ಸಲ್ಲಿಸಬೇಕು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಪೋರ್ಟಲ್‌ನಲ್ಲಿ ಬೇಸ್ ಬೆಂಗಳೂರು ಅಂತಲೇ ಇದೆ, ಆದರೆ 2024ರ ಇನ್‌ಕ್ರಿಮೆಂಟ್ ಪತ್ರದಲ್ಲಿ "ಬೆಂಗಳೂರು (ರಿಮೋಟ್)" ಅಂತಿದೆ. ಇನ್ನೆರಡು ಸಂದೇಹ. ಹಬ್ಬ, ರಜೆ ಬಂದ ವಾರ 3 ದಿನವನ್ನು ಹೇಗೆ ಎಣಿಸುತ್ತಾರೆ? ಒಪ್ಪಿದರೆ ಪತ್ರದಲ್ಲಿ ಯಾವ ಮಾತುಗಳು ಇರಲೇಬೇಕು?

ಹಾಜರಿಪುಸ್ತಕ

"ಬೆಂಗಳೂರು (ರಿಮೋಟ್)" ಅನ್ನುವ ಪತ್ರ ಚಿನ್ನ. ಪ್ರಸ್ತಾವದ ಎರಡನೇ ಪ್ಯಾರಾದಲ್ಲಿ ಅದರ ತಾರೀಖು ಹಾಕಿ.

ಎಣಿಕೆಯ ಸೂತ್ರವನ್ನು ಕೇಳಿಯೇ ತಿಳಿದುಕೊಳ್ಳಬೇಕು, ಒಂದೊಂದು ಕಡೆ ಒಂದೊಂದು ರೀತಿ. ಆಯುಧಪೂಜೆ, ವಿಜಯದಶಮಿ ಎರಡೂ ಒಂದೇ ವಾರದಲ್ಲಿ ಬಂದು ರಜೆಯಾದರೆ ಉಳಿಯುವುದೇ 3 ದಿನ. "ವಾರಕ್ಕೆ 3" ಅಂತ ಗಟ್ಟಿಯಾಗಿ ಓದಿದರೆ ಮೂರಕ್ಕೆ ಮೂರೂ ಆಫೀಸು. "ಕೆಲಸದ ದಿನಗಳ ಶೇ 60" ಅಂತಿದ್ದರೆ 1.8, ಅಂದರೆ 2 ದಿನ. ನೀವು ಹಾಕಿದ ರಜೆಯನ್ನು ಕೆಲಸದ ದಿನಗಳಿಂದ ಕಳೆಯುತ್ತಾರೋ ಇಲ್ಲವೋ ಅನ್ನುವುದು ಇನ್ನೂ ಮುಖ್ಯ. 21 ಕೆಲಸದ ದಿನದ ತಿಂಗಳಲ್ಲಿ 4 ದಿನ ರಜೆ ಹಾಕಿದರೆ, ಕಳೆದು ಎಣಿಸಿದಾಗ 17ರ ಶೇ 60, ಸುಮಾರು 10 ದಿನ. ಕಳೆಯದಿದ್ದರೆ 13 ದಿನ. ಮೂರು ದಿನದ ಅಂತರ. ಅರ್ಧ ದಿನ ಅಂದರೆ ಎಷ್ಟು ಗಂಟೆ, ಒಳಗೆ ಬಂದ ಸ್ವೈಪ್ ಮಾತ್ರವೋ ಹೊರಗೆ ಹೋದದ್ದೂ ಎಣಿಕೆಯಾಗುತ್ತದೋ ಅಂತಲೂ ಕೇಳಿ. ಬೆಳಿಗ್ಗೆ ಬಂದು ಸ್ವೈಪ್ ಮಾಡಿ ಹತ್ತು ನಿಮಿಷಕ್ಕೆ ಹೊರಡುವ ಅಭ್ಯಾಸ ಯಾರೂ ಮಾಡಿಕೊಳ್ಳಬೇಡಿ. ಎರಡೂ ಸ್ವೈಪ್‌ಗಳ ಸಮಯ ವ್ಯವಸ್ಥೆಯಲ್ಲಿ ಉಳಿದಿರುತ್ತದೆ, ಮುಂದೆ ಯಾವುದೇ ವಿಚಾರಣೆಗೆ ಅದನ್ನೇ ತೆಗೆಯುತ್ತಾರೆ.

ಒಪ್ಪಿಗೆಯ ಪತ್ರದಲ್ಲಿ ಇರಬೇಕಾದ್ದು: ನಿಮ್ಮ ಹೆಸರಿನಲ್ಲಿ ಆರಂಭದ ದಿನ, ಮುಗಿಯುವ ದಿನ, ತಿಂಗಳಿಗೆ ಎಷ್ಟು ದಿನ, ಆ ದಿನಗಳನ್ನು ಯಾರು ಎಷ್ಟು ಮುಂಚೆ ನಿಗದಿ ಮಾಡುತ್ತಾರೆ (14 ದಿನ ಮುಂಚೆ ಅಂತ ಕೇಳಿ, ಬಸ್ಸು ರೈಲಿನ ಟಿಕೆಟ್ ಸಿಗಬೇಕಲ್ಲ), ತುರ್ತಾಗಿ ಕರೆದರೆ ಎಷ್ಟು ಗಂಟೆಯ ಅವಕಾಶ, ಖರ್ಚು ಯಾರದು, ಮತ್ತೆ ಹಿಂತೆಗೆಯಬೇಕಾದರೆ ಎಷ್ಟು ದಿನದ ಲಿಖಿತ ನೋಟಿಸ್. ಈ ಕೊನೆಯದಕ್ಕೆ 90 ದಿನ ಕೇಳಿ, 60ಕ್ಕೆ ಒಪ್ಪಬಹುದು. "ಕಂಪನಿಯ ವಿವೇಚನೆಗೆ ಒಳಪಟ್ಟು" ಅನ್ನುವ ಮಾತನ್ನು ಅವರು ಸೇರಿಸಿಯೇ ಸೇರಿಸುತ್ತಾರೆ. ತೆಗೆಸಲು ಹೆಣಗಾಡಬೇಡಿ, ಅದರ ಮುಂದೆ "ಮೇಲಿನ ನೋಟಿಸ್ ಅವಧಿಯ ನಂತರ" ಅಂತ ಸೇರಿಸಲು ಕೇಳಿ. ಪತ್ರ ಎಚ್‌ಆರ್‌ನಿಂದ ಬರಬೇಕು, ಪೋರ್ಟಲ್‌ನಲ್ಲಿ ನಿಮ್ಮ ಹಾಜರಿಯ ಗುರಿಯೂ ಬದಲಾಗಬೇಕು. ಪತ್ರವಿದ್ದು ಪೋರ್ಟಲ್ ಬದಲಾಗದಿದ್ದರೆ ಪ್ರತಿ ತಿಂಗಳೂ ಸ್ವಯಂಚಾಲಿತ ಎಚ್ಚರಿಕೆ ಮೇಲ್ ಬರುತ್ತದೆ, ಆ ಎಚ್ಚರಿಕೆಗಳು ವರ್ಷದ ಕೊನೆಗೆ ರೇಟಿಂಗ್ ಕೊಡುವವರ ಮುಂದೆ ಬಂದು ನಿಲ್ಲುತ್ತವೆ.

ಕರಾರು_ಓದಿ

ನಿರಾಕರಿಸಿದರೆ ಏನು ಅನ್ನುವುದಕ್ಕೆ. ಮೊದಲು ಕಾರಣವನ್ನು ಬರಹದಲ್ಲಿ ಕೇಳಿ, ಎರಡನೇ ಪ್ರಸ್ತಾವವನ್ನು 7 ದಿನದೊಳಗೆ ಕಳಿಸಿ. ಆಮೇಲೆ ಕುಂದುಕೊರತೆ ಸಮಿತಿ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ (ಸೇವಾ ಷರತ್ತುಗಳನ್ನು ಬರೆದಿಡಬೇಕು ಅನ್ನುವ) ಕಾಯ್ದೆಯಿಂದ ಇನ್ನೂ 5 ವರ್ಷ ವಿನಾಯಿತಿ ಕೊಟ್ಟಾಗ ಇಟ್ಟ ಷರತ್ತುಗಳಲ್ಲಿ ಇಂಥ ಸಮಿತಿ ಇರಬೇಕು ಅನ್ನುವುದೂ ಒಂದು. ಸಮಿತಿಯ ಸದಸ್ಯರು ಯಾರು, ಅರ್ಜಿ ಎಲ್ಲಿ ಕೊಡಬೇಕು ಅಂತ ಎಚ್‌ಆರ್‌ಗೆ ಕೇಳಿ. ಒಬ್ಬರೇ ಹೋಗುವುದಕ್ಕಿಂತ, ಬೆಂಗಳೂರಿನ ಹೊರಗಿರುವ ನಾಲ್ಕೈದು ಜನ ಒಂದೇ ಬಗೆಯ ಅರ್ಜಿ ಕೊಟ್ಟರೆ ನೀತಿಯಲ್ಲೇ ಒಂದು ಉಪವರ್ಗ ಮಾಡಲು ಅವರಿಗೂ ಸುಲಭ. ರಾಜ್ಯದಲ್ಲಿ ಐಟಿ ನೌಕರರ ಸಂಘವೂ ಇದೆ, ಕಿಟು ಅಂತ. ಸಲಹೆಗೆ ಅಲ್ಲಿಗೂ ಹೋಗಬಹುದು.

ಬಿಡುವುದೇ ಅಂತಾದರೆ ರಾಜೀನಾಮೆಗೆ ಮುಂಚೆ ಕಾಗದಗಳಲ್ಲಿ ನಾಲ್ಕು ವಿಷಯ ನೋಡಿ: ನೋಟಿಸ್ ಅವಧಿ 60 ದಿನವೋ 90 ದಿನವೋ, ಅದನ್ನು ದುಡ್ಡು ಕೊಟ್ಟು ಕಡಿಮೆ ಮಾಡಲು ಯಾರ ಒಪ್ಪಿಗೆ ಬೇಕು, ಸೇರಿಕೆ ಅಥವಾ ಉಳಿಕೆ ಬೋನಸ್ ವಾಪಸ್ ಕೇಳುವ ಷರತ್ತು ಇದೆಯೇ, ವೇರಿಯಬಲ್ ಪೇ (ಸಾಧನೆಗೆ ತಕ್ಕಂತೆ ಬದಲಾಗುವ ಸಂಬಳದ ಭಾಗ) ಪಡೆಯಲು ಯಾವ ದಿನ ನೀವು ನೌಕರಿಯಲ್ಲಿ ಇರಬೇಕು. ನೋಟಿಸ್ ಅವಧಿಯಲ್ಲೂ ಹೊಸ ಹಾಜರಿ ನೀತಿ ಅನ್ವಯಿಸುತ್ತದೆಯೇ ಅಂತ ಕೇಳಿ ಬರೆಸಿಕೊಳ್ಳಿ. ಆ 90 ದಿನವೂ ಬೆಂಗಳೂರಿನಲ್ಲೇ ಕಳೆಯಬೇಕಾಗಿ ಬಂದರೆ ಜಮಾಖರ್ಚು ಅವರು ಹಾಕಿದ ತಿಂಗಳಿಗೆ 16,000 ಮೂರು ತಿಂಗಳು ಲೆಕ್ಕಕ್ಕೆ ಸೇರುತ್ತದೆ. ಹೊಸ ಕಡೆ ಆಫರ್ ಬಂದರೆ ಸಹಿ ಹಾಕುವ ಮೊದಲು ಕೆಲಸದ ಸ್ಥಳ ಶಿವಮೊಗ್ಗ ಅಂತ ಊರಿನ ಹೆಸರು ಹಾಕಿಸಿ, "ಮುಂದಿನ ಸೂಚನೆಯವರೆಗೆ" ಅನ್ನುವುದನ್ನು ತೆಗೆಸಿ.